ಓಣಿ ರಸ್ತೆಗೆ ರೊಕ್ಕ ಎಲ್ಲಿಂದ ಬರ್ತದ? ನಿವೃತ್ತ ಎಂಜಿನಿಯರ್‌ಗೆ ನಿಮ್ಮ ಪ್ರಶ್ನೆ

ಪ್ರಶ್ನೆ (ವಿಜಯಪುರದಿಂದ): ನಮಸ್ಕಾರ್ರೀ ಸರ. ನಮ್ಮ ಹಿಂದಿನ ಓಣಿಗೆ ಮೊನ್ನೆ ಸಿ.ಸಿ. ರಸ್ತೆ ಆತು. ನಮ್ಮ ಓಣ್ಯಾಗ ಡಾಂಬರ ಕಿತ್ತು ಖಡಿ ಮ್ಯಾಲ ಬಂದಾವ. ಕೇಳಾಕ ಹೋದ್ರ ‘ಅದು ಬ್ಯಾರೆ ಅನುದಾನರೀ, ನಿಮ್ಮ ಓಣಿಗೆ ಬರೂದಿಲ್ಲ’ ಅಂದ್ರು. ಸರ್ಕಾರದ ರೊಕ್ಕ ಅಂದಮ್ಯಾಲ ಎಲ್ಲಾ ಒಂದ ಅಲ್ಲೇನ್ರಿ?

ಉತ್ತರ: ಒಂದ ಅಲ್ರಿ. ನಿಮಗ ಹೇಳಿದ್ದು ಜಾರಿಕೊಳ್ಳೂ ಮಾತೂ ಇರಬಹುದು, ಖರೇನೂ ಇರಬಹುದು. ಯಾವುದು ಅಂತ ತಿಳೀಬೇಕಾದ್ರ ರೊಕ್ಕ ಯಾವ ಲೆಕ್ಕದಾಗ ಬಂತು ಅನ್ನೂದು ನೋಡಬೇಕು.

ರಾಜ್ಯದ ಕಡಿಂದ ಮುಖ್ಯವಾಗಿ ಬರೂದು ಎಸ್‌ಎಫ್‌ಸಿ ಅನುದಾನ, ಅಂದ್ರ ರಾಜ್ಯ ಹಣಕಾಸು ಆಯೋಗದ್ದು. 74ನೇ ತಿದ್ದುಪಡಿ ಆದಮ್ಯಾಲ ಸಂವಿಧಾನದ 243-ವೈ ವಿಧಿ ಪ್ರಕಾರ ಈ ಆಯೋಗ ನಗರಗಳಿಗೂ ಶಿಫಾರಸು ಮಾಡಬೇಕು. ರಾಜ್ಯದ ಸಾಲೇತರ ನಿವ್ವಳ ಸ್ವಂತ ರಾಜಸ್ವದಾಗ (ಸಾಲ ಬಿಟ್ಟು ರಾಜ್ಯದ ಸ್ವಂತ ಆದಾಯದಾಗ) ಇಷ್ಟು ಪಾಲು ಸ್ಥಳೀಯ ಸಂಸ್ಥೆಗಳಿಗೆ ಅಂತ ಲೆಕ್ಕ. ಕೇಳಾಕ ಭಾಳ ದೊಡ್ಡದು ಅನಸ್ತದ. ಆದ್ರ ಅದರಾಗ ನೌಕರರ ಪಗಾರ ಒಂದು ತಲಿ (ಲೆಕ್ಕದ ಬಾಬು), ಬೀದಿದೀಪ ಮತ್ತ ನೀರಿನ ಪಂಪಿನ ಕರೆಂಟ್ ಬಿಲ್ ಇನ್ನೊಂದು ತಲಿ. ಹೆಸ್ಕಾಂ ಬಿಲ್ಲಿನ ರೊಕ್ಕದಾಗ ರಸ್ತೆ ಮಾಡಾಕ ಬರೂದಿಲ್ಲ. ಉಳಿಯೂದು ‘ಮುಕ್ತನಿಧಿ’. ಹೆಸರು ಮುಕ್ತ ಅಷ್ಟ! ಅದರಾಗೂ ಶೇ. 24.10 ಪರಿಶಿಷ್ಟ ಜಾತಿ-ಪಂಗಡದವರಿಗೆ (17.15 ಮತ್ತ 6.95), ಶೇ. 7.25 ಇತರ ಬಡವರಿಗೆ, ಶೇ. 5 ಅಂಗವಿಕಲರಿಗೆ ಅಂತ ತೆಗೆದಿಡಬೇಕು. ಹಿಂದಿನ ಓಣಿ ಪರಿಶಿಷ್ಟರ ಕಾಲೊನಿ ಆಗಿದ್ದು ಆ ಶೇ. 24.10ರಾಗ ಕಾಮಗಾರಿ ಆಗಿದ್ರ, ಆ ರೊಕ್ಕ ನಿಮ್ಮ ಓಣಿಗೆ ತಿರುಗಸಾಕ ಕಮಿಷನರ್‌ಗೂ ಬರೂದಿಲ್ಲ. ತಿರುಗಸಲೂ ಬಾರದು.

ಕೇಂದ್ರದ 15ನೇ ಹಣಕಾಸು ಆಯೋಗದ್ದೂ ಹಂಗ. 2021-26ರ ಅವಧಿಗೆ ನಮ್ಮಂಥಾ ಊರಿಗೆ ಬಂದದ್ದರಾಗ ಶೇ. 60 ಕುಡಿಯೂ ನೀರು ಮತ್ತ ನೈರ್ಮಲ್ಯಕ್ಕ ಕಟ್ಟಿಹಾಕಿದ್ದು. ರಸ್ತೆ ಬೇಕಂದ್ರ ಉಳಿದ ಶೇ. 40ರಾಗ ಜಗಳಾಡಬೇಕು.

ಇನ್ನ ನಗರೋತ್ಥಾನದಂಥಾ ಯೋಜನೆ, ಶಾಸಕರ ನಿಧಿ (ವರ್ಷಕ್ಕ 2 ಕೋಟಿ, ಅದು ಇಡೀ ಕ್ಷೇತ್ರಕ್ಕ) ಇವೆಲ್ಲಾ ಬ್ಯಾರೆ ಬ್ಯಾರೆ ಬಾಗಿಲಿಂದ ಬರ್ತಾವ. ಹಂಗಾಗಿ ಒಂದ ರಸ್ತೆ ಅರ್ಧ ಆಗಿ ನಿಂತದ್ದು ಕಂಡ್ರ ಬರೇ ಗುತ್ತಿಗೆದಾರನ್ನ ಬೈಬ್ಯಾಡ್ರಿ. ಒಂದು ಅನುದಾನ ಅಲ್ಲಿಗೇ ಮುಗದಿರ್ತದ.

ಪ್ರಶ್ನೆ (ಬೆಳಗಾವಿಯಿಂದ): ಸರ್, ನನ್ನ ಮಗಳು ಅಮೆರಿಕಾದ ಮಿನೆಸೋಟಾದಾಗ ಅದಾಳ. ಅಲ್ಲಿ ಪೆಟ್ರೋಲ್ ತೆರಿಗೆಯಿಂದ ಊರ ರಸ್ತೆಗೆ ನೇರ ಪಾಲು ಹೋಗ್ತೈತಂತ. ನಾವೂ ಗಾಡಿ ತಗೊಳ್ಳುವಾಗ ಆಜೀವ ತೆರಿಗೆ ಕಟ್ಟೀವಿ. ಅದು ಎಲ್ಲಿ ಹೋತರೀ?

ಉತ್ತರ: ಮಗಳು ಹೇಳಿದ್ದು ಬರೋಬ್ಬರಿ ಅದ ಅಕ್ಕಾರ. ಅಲ್ಲಿ ಇಂಧನ ತೆರಿಗೆ, ವಾಹನ ತೆರಿಗೆ ಒಂದು ಪ್ರತ್ಯೇಕ ನಿಧಿಗೆ ಬೀಳ್ತಾವ. 1956ರಾಗ ಅವರ ರಾಜ್ಯ ಸಂವಿಧಾನದಾಗ ಬರದಿಟ್ಟ ಹಂಚಿಕಿ: ಶೇ. 5 ಬದಿಗಿಟ್ಟು, ಉಳಿದದ್ದರಾಗ ಶೇ. 62 ರಾಜ್ಯ ಹೆದ್ದಾರಿಗೆ, 29 ಕೌಂಟಿಗೆ (ನಮ್ಮ ಜಿಲ್ಲಾ ಇದ್ದಂಗ), 9 ನಗರಕ್ಕ. 5,000ಕ್ಕಿಂತ ಹೆಚ್ಚು ಮಂದಿ ಇರೂ ಊರಿಗೆ ಮಾತ್ರ. ಅದರಾಗ ಅರ್ಧ ಜನಸಂಖ್ಯೆ ನೋಡಿ, ಅರ್ಧ ರಸ್ತೆಯ ಅವಶ್ಯಕತೆ ನೋಡಿ.

ಆದ್ರ ಒಂದು ಮಾತು ಮಗಳಿಗೆ ಕೇಳ್ರಿ. ಊರಿನ ಒಟ್ಟು ರಸ್ತೆಯೊಳಗ ಸುಮಾರು ಶೇ. 20 ಮಾತ್ರ ಈ ಪಟ್ಟಿಗೆ ಸೇರಸಾಕ ಬರ್ತದ, ಅವೂ ದೊಡ್ಡ ರಸ್ತೆಗಳು. ಮನಿ ಮುಂದಿನ ಓಣಿಗೆ ಊರಿನವರೇ ರೊಕ್ಕ ಹೊಂದಸಬೇಕು. ಎಷ್ಟೋ ಊರಾಗ ರಸ್ತೆ ಮಾಡಿದ ಖರ್ಚಿನ ಒಂದು ಪಾಲು ಆ ರಸ್ತೆಯ ಮನಿ ಮಾಲಕರ ಮ್ಯಾಲೇ ಹಾಕ್ತಾರ. ಇಲ್ಲಿ ಹಂಗ ಮಾಡಿದ್ರ ಮೊದಲ ಅರ್ಜಿ ನಾನೇ ಬರೀತೀನಿ, ಬ್ಯಾಡ ಅಂತ!

ನಮ್ಮಲ್ಲಿ ವಾಹನ ತೆರಿಗೆ ರಾಜ್ಯದ ಸಂಚಿತ ನಿಧಿಗೆ (ಸರ್ಕಾರದ ಆದಾಯ ಎಲ್ಲಾ ಕೂಡೂ ಖಾತೆಗೆ) ಹೋಗ್ತದ. ಅಲ್ಲಿಂದ ಬಜೆಟ್ಟಿನಾಗ ಏನು ಬರ್ತದೋ ಅದು. ನನ್ನ ಕೇಳಿದ್ರ ಅವರ ಪದ್ಧತಿಯೊಳಗ ನಾವು ಕಲೀಬೇಕಾದ್ದು ತೆರಿಗೆ ಪಾಲಲ್ಲ, ‘ಅವಶ್ಯಕತೆ ನೋಡಿ’ ಅನ್ನೂದು. ಯಾವ ರಸ್ತೆ ಎಷ್ಟು ಕೆಟ್ಟದ ಅಂತ ಪಟ್ಟಿ ಇಟ್ಟು ಅದರ ಪ್ರಕಾರ ರೊಕ್ಕ ಹಂಚೂದು ನಮ್ಮಲ್ಲಿ ಅಪರೂಪ. ನಿಮ್ಮ ಬೆಳಗಾವಿ ಪಾಲಿಕೆದಾಗ 58 ವಾರ್ಡು ಅಂದ್ರ 58 ಪಾಲು ಅಂತ ಕೂಡ್ತಾರ.

ಪ್ರಶ್ನೆ (ಬಾಗಲಕೋಟೆ ನವನಗರ): ನಮ್ಮ ಸೆಕ್ಟರ್ ರಸ್ತೆಗೆ ನಗರಸಭೆಗೆ ಅರ್ಜಿ ಕೊಡೂದೋ, ಬಿಟಿಡಿಎಗೋ?

ಉತ್ತರ: ಮೊದಲ ರಸ್ತೆ ಯಾರ ಹೆಸರಿಲೆ ಐತಿ ನೋಡ್ರಿ. ನವನಗರ ಆಲಮಟ್ಟಿ ಹಿನ್ನೀರಿನಾಗ ಮುಳುಗಿದವರ ಪುನರ್ವಸತಿಗೆ ಆದದ್ದು, ಅದನ್ನ ಕಟ್ಟಿದ್ದು ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ, ಅಂದ್ರ ಬಿಟಿಡಿಎ. ರಸ್ತೆ ಇನ್ನೂ ಅವರ ಕಡಿ ಇದ್ರ ನಗರಸಭೆ ಎಸ್‌ಎಫ್‌ಸಿ ರೊಕ್ಕ ಹಾಕೂದಿಲ್ಲ. ಅರ್ಜಿ ಇಬ್ಬರಿಗೂ ಕೊಟ್ಟು ಹಿಂಬರಹ ತಗೋರಿ.

ಪ್ರಶ್ನೆ (ಬೆಳಗಾವಿಯಿಂದ): ನಮ್ಮದು ಖಾಸಗಿ ಲೇಔಟ್. ಮನಿ ತೆರಿಗೆ ಕಟ್ತೀವಿ, ರಸ್ತೆ ಇಲ್ಲ.

ಉತ್ತರ: ಲೇಔಟ್ ಹಸ್ತಾಂತರ ಆಗೇತೇನು? ರಸ್ತೆ, ಗಟಾರ, ದೀಪ ಮಾಡಿ ಪಾಲಿಕೆಗೆ ಒಪ್ಪಿಸೂದು ಲೇಔಟ್ ಮಾಡಿದವರ ಜವಾಬ್ದಾರಿ. ಒಪ್ಪಿಸದ ರಸ್ತೆಗೆ ಅನುದಾನ ಹಾಕಿದ್ರ ಆಡಿಟ್‌ನ್ಯಾಗ ಆಕ್ಷೇಪಣೆ ಬರ್ತದ, ಅದಕ್ಕ ಎಂಜಿನಿಯರ್ ಕೈ ಹಚ್ಚೂದಿಲ್ಲ. ಕ್ಯಾಂಪ್ ಭಾಗದವರೂ ಕೇಳ್ಯಾರ: ಕಂಟೋನ್ಮೆಂಟ್ ರಸ್ತೆ ರಕ್ಷಣಾ ಇಲಾಖೆ ಕೆಳಗಿನ ಮಂಡಳಿದು, ಪಾಲಿಕೆದಲ್ಲ.

ಪ್ರಶ್ನೆ (ವಿಜಯಪುರ, ಮೊದಲಿನವರೇ): ಹಂಗಾದ್ರ ನಾವು ಏನು ಮಾಡೂಣು ಸರ?

ಉತ್ತರ: ಟೆಂಡರ್ ಕರದಮ್ಯಾಲ ಧರಣಿ ಕೂತ್ರ ಉಪಯೋಗಿಲ್ಲ. ಅನುದಾನ ಹಂಚಿಕಿ ಆದೇಶ ಬಂದ ಕೂಡಲೇ ಕ್ರಿಯಾ ಯೋಜನೆ ತಯಾರಾಗ್ತದ; ಯಾವ ಓಣಿ ಒಳಗ, ಯಾವ ಓಣಿ ಹೊರಗ ಅನ್ನೂದು ಅಲ್ಲೇ ಮುಗೀತದ. ಮುಂದ ಅಂದಾಜು ಪತ್ರಿಕೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ ಎಲ್ಲಾ ಆ ಪಟ್ಟಿ ಹಿಂದ ಹೋಗ್ತಾವ. ಅದಕ್ಕ ಪಟ್ಟಿ ಆಗೂ ಮುಂಚೆ ಫೋಟೋ, ಉದ್ದ-ಅಗಲ ಬರದು ವಾರ್ಡ್ ಎಂಜಿನಿಯರ್‌ಗೂ ಕಾರ್ಪೊರೇಟರ್‌ಗೂ ಕೊಡ್ರಿ.

ಹಿಂದಿನ ಓಣಿ ವಿಷಯಕ್ಕ ಆರ್‌ಟಿಐ ಹಾಕ್ರಿ, 10 ರೂಪಾಯಿ. ನಮ್ಮ ರಾಜ್ಯದ ನಿಯಮದಾಗ ಒಂದು ಅರ್ಜಿಗೆ ಒಂದ ವಿಷಯ, 150 ಶಬ್ದದೊಳಗ ಇರಬೇಕು. ಕಥಿ ಬರದ್ರ ವಾಪಸ್ ಬರ್ತದ. ಕ್ರಿಯಾ ಯೋಜನೆ, ಕಾರ್ಯಾದೇಶ, ಅಳತೆ ಪುಸ್ತಕದ (ಆದ ಕೆಲಸದ ಅಳತಿ ಬರದಿಡೂ ಪುಸ್ತಕ) ಪ್ರತಿ ಕೇಳ್ರಿ. ಕಾರ್ಯಾದೇಶದಾಗ ಯಾವ ಅನುದಾನ ಅಂತ ಬರದಿರ್ತದ. ಉದ್ದ-ಅಗಲ ನೀವೇ ಟೇಪ್ ಹಿಡದು ತಾಳೆ ನೋಡಬಹುದು. ಕಾಂಕ್ರೀಟಿನ ದಪ್ಪ ಮಾತ್ರ ಕೋರ್ (ರಸ್ತೆ ಕೊರದು ಒಂದು ತುಂಡು) ತೆಗದೇ ನೋಡಬೇಕು, ಅದಕ್ಕ ಮೂರನೇ ವ್ಯಕ್ತಿ ತಪಾಸಣೆ ವರದಿನೂ ಅದೇ ಅರ್ಜ್ಯಾಗ ಕೇಳಿಬಿಡ್ರಿ.