ಆಮ್‌ಸ್ಟರ್‌ಡ್ಯಾಮಿನ ಕಾಲುವೆ ಮನೆಗಳು ಮುಂದಕ್ಕೆ ಬಾಗಿರೋದು ಯಾಕೆ?

ಶಿರಸಿ ಅಡಿಕೆ ಅಜ್ಜ:
ಮಗಳ ಮನೆಗೆಂದು ಆಮ್‌ಸ್ಟರ್‌ಡ್ಯಾಮಿಗೆ ಹೋಗಿದ್ದೆ. ಹೆರೆನ್‌ಗ್ರಾಖ್ಟ್ ಕಾಲುವೆ ದಂಡೆಯಲ್ಲಿ ನಡೆಯುವಾಗ ಒಂದು ಇಟ್ಟಿಗೆ ಮನೆ ನನ್ನ ಮೇಲೇ ಬಗ್ಗಿದ ಹಾಗೆ ಕಂಡಿತು. ಹೆದರಿ ನೀರಿನ ಕಡೆ ಸರಿದೆ. ಮಗಳು ನಕ್ಕಳು. ಅಗಲ ನಮ್ಮ ಪೇಟೆಯ ಎರಡು ಅಂಗಡಿಯಷ್ಟು, ಎತ್ತರ ಮಾತ್ರ ನಾಲ್ಕು ಮಾಳಿಗೆ. ನೆತ್ತಿಯಲ್ಲಿ ಒಂದು ತೊಲೆ ಹೊರಗೆ ಚಾಚಿದೆ, ಅದಕ್ಕೊಂದು ಕೊಕ್ಕೆ. ಮೂವತ್ತು ವರ್ಷ ಚಾಲಿ (ಒಣಗಿಸಿ ಸುಲಿದ ಅಡಿಕೆ) ವ್ಯಾಪಾರ ಮಾಡಿದವನಿಗೆ ಕೊಕ್ಕೆ ಕಂಡರೆ ಮೂಟೆಯೇ ನೆನಪಾಗೋದು. ಆದರೆ ಮೂಟೆ ಅಷ್ಟು ಮೇಲೆ ಯಾಕೆ? ಮನೆ ಬಾಗಿದ್ದು ಅಡಿಪಾಯ ಕುಸಿದೋ, ಬೇಕಂತಲೋ?

ಕುಮಟಾ ಟು ಡೆಲ್ಫ್ಟ್:
ಅಜ್ಜಾ, ಮುಂದಕ್ಕೆ ಬಾಗಿರೋದು ಹೆಚ್ಚಾಗಿ ಬೇಕಂತಲೇ. ಮೂಟೆ ಮೇಲೆ ಎಳೆಯುವಾಗ ಗೋಡೆಗೆ, ಕಿಟಕಿ ಗಾಜಿಗೆ ಬಡಿಯಬಾರದು ಅಲ್ವಾ? ಪಕ್ಕಕ್ಕೆ ವಾಲಿದ್ದರೆ ಅದು ಅಡಿಪಾಯದ ಕಾಯಿಲೆ. ಆ ದೊಡ್ಡ ಕಾಲುವೆಗಳನ್ನು 1613ರಿಂದ ತೋಡಿದರು. ಎಷ್ಟೋ ವರ್ತಕರಿಗೆ ಮನೆಯೇ ಗುದಾಮು. ಕೆಳಗೆ ತೇವ, ಹಾಗಾಗಿ ಮೆಣಸು, ಕಾಳು ಎಲ್ಲ ಅಟ್ಟಕ್ಕೆ. ಒಳಗಿನ ಮೆಟ್ಟಿಲು ಏಣಿಯಷ್ಟು ಕಡಿದು. ಈಗಲೂ ಸೋಫಾ, ಕಪಾಟು ಕಿಟಕಿಯಿಂದಲೇ ಒಳಗೆ ಹೋಗುತ್ತವೆ.

ಶಿರಸಿ ಅಡಿಕೆ ಅಜ್ಜ:
ಹಾಗಾದರೆ ನಮ್ಮ ಅಟ್ಟವೇ ಬಿಡು! ಆದರೆ ಅಲ್ಲಿ ಕೆಸರಲ್ಲಿ ಮನೆ ನಿಂತಿರೋದು ಯಾವುದರ ಮೇಲೆ? ನಮ್ಮಲ್ಲಿ ಕೆಂಪು ಚಿರೇಕಲ್ಲಾದರೂ ಇದೆ.

ಕುಮಟಾ ಟು ಡೆಲ್ಫ್ಟ್:
ಮರದ ಕಂಬಗಳ ಮೇಲೆ. ಸುಮಾರು 12 ಮೀಟರ್ ಕೆಳಗೆ ಗಟ್ಟಿ ಮರಳು ಸಿಗುವ ತನಕ ಬಡಿದು ಇಳಿಸಿದ್ದಾರೆ. ಡಾಮ್ ಚೌಕದ ಅರಮನೆಯೊಂದಕ್ಕೇ 13,659 ಕಂಬ ಅಂತ ಲೆಕ್ಕ ಹೇಳುತ್ತಾರೆ.

ತದಡಿ ಬಡಿಗ:
ಮರ ಕೊಳೆಯೋದಿಲ್ವಾ ಅಂತ ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ. ಇಲ್ಲಿ ದೋಣಿ ಕಟ್ಟುವ ಹಳೆ ಗೂಟ ಕಿತ್ತು ನೋಡಿ. ಕೆಸರಲ್ಲಿ ಹೂತ ಭಾಗಕ್ಕೆ ಉಳಿ ಹಾಕಿದರೂ ಸುಲಭಕ್ಕೆ ಇಳಿಯೋದಿಲ್ಲ. ಭರತ ಇಳಿತ ಆಡುವ ಕಡೆ ಮಾತ್ರ ಸವೆದು ಸೊಂಟ ಸಣ್ಣಗಾಗಿರುತ್ತದೆ. ಮರಕ್ಕೆ ನೀರಿನ ಭಯ ಇಲ್ಲ, ನೀರೂ ಗಾಳಿಯೂ ಸೇರುವಲ್ಲಿ ಭಯ.

ಕುಮಟಾ ಟು ಡೆಲ್ಫ್ಟ್:
ಇಲ್ಲಿ ನೆದರ್‌ಲ್ಯಾಂಡ್ಸಲ್ಲೂ ಅದೇ ಕಥೆ. ನೆಲದ ನೀರು ಇಳಿದು ಕಂಬದ ತಲೆಗೆ ಗಾಳಿ ತಾಗಿತೋ, ಶಿಲೀಂಧ್ರ ಹಿಡಿಯಿತು. ಅದಕ್ಕೇ ಇವರು ನೀರಿನ ಮಟ್ಟ ಕಾಯುತ್ತಾ ಕೂರುತ್ತಾರೆ.

ಶಿರಸಿ ಅಡಿಕೆ ಅಜ್ಜ:
ಸರಿ ಮಾರಾಯ್ರೇ, ಈಗ ಅರ್ಥವಾಯಿತು. ನಮ್ಮ ಮನೆಯ ಮರದ ಅಟ್ಟವನ್ನು ಹತ್ತು ವರ್ಷದ ಹಿಂದೆ ನಾನೇ ಸುಮ್ನೆ ಕೀಳಿಸಿ ಸ್ಲ್ಯಾಬ್ ಹಾಕಿಸಿದೆ. ಅಡುಗೆಮನೆಯ ಹೊಗೆ ತಾಗುತ್ತಿದ್ದ ಜಾಗ ಅದು. ಈಗ ಆಷಾಢದಲ್ಲಿ ಚಾಲಿ ಚೀಲಕ್ಕೆ ಬೂಸ್ಟು ಹಿಡಿಯುತ್ತದೆ. ಮಗಳಿಗೆ ಹೇಳಬೇಡಿ, ಅವಳು ಆಗಲೇ ಬೇಡ ಅಂದಿದ್ದಳು.