ನಮ್ಮ ಬಳಗ ಗ್ರೂಪಲ್ಲಿ ಇಕ್ಕಳದ ಜಗಳ

ಪ್ರಕಾಶ್ ಭಾವ: ಎಲ್ರಿಗೂ ನಮಸ್ಕಾರ. ದಸರಾಗೆ ಟಿಕೆಟ್ ಆಯ್ತು. ಅಮೇರಿಕಾದಿಂದ ಯಾರಿಗಾದ್ರೂ ಏನಾದ್ರೂ ಬೇಕಿದ್ರೆ ಈ ವಾರದೊಳಗೆ ಹೇಳ್ಬಿಡಿ, ಆಮೇಲೆ ಹೇಳಿದ್ರೆ ಬ್ಯಾಗ್ ತೂಕ ಜಾಸ್ತಿ ಅಂತ ಮಂಜುಳ ನನ್ ಬಟ್ಟೆನೇ ತೆಗೆದು ಹೊರಗಿಡ್ತಾಳೆ

ಹರ್ಷ: ಭಾವ ನಂಗೊಂದು ಮಲ್ಟಿಟೂಲ್. ಫೋಟೋ ಹಾಕಿದೀನಿ ನೋಡಿ, ಲೆದರ್‌ಮನ್ ವೇವ್ ಪ್ಲಸ್. ಒಂದರಲ್ಲೇ 18 ಟೂಲ್, ಇಕ್ಕಳ, ವೈರ್ ಕಟರ್, ಎರಡು ಚಾಕು, ಗರಗಸ, ಅರ, ಕತ್ತರಿ, ಸ್ಕ್ರೂಡ್ರೈವರ್ ಎಲ್ಲಾ ಮಡಚಿದ್ರೆ 10 ಸೆಂಟಿಮೀಟರ್ ಅಷ್ಟೇ. ದಿನಾ ಬೆಲ್ಟಿಗೆ ಹಾಕ್ಕೊಂಡು ಓಡಾಡೋದು ಅಂತ ಪ್ಲಾನ್

ಶಿವಣ್ಣ ಮಾವ: ಇಕ್ಕಳ ತರಕ್ಕೆ ಅಮೇರಿಕಾಗೆ ಹೋಗ್ಬೇಕೇನ್ಲಾ, ಮದ್ದೂರಲ್ಲಿ ಸಿಗಕ್ಕಿಲ್ವಾ

ಸೌಮ್ಯಕ್ಕ: ರೇಟ್ ಎಷ್ಟು ಅದನ್ನ ಮೊದ್ಲು ಹೇಳು

ಹರ್ಷ: ಅಲ್ಲಿ ನೂರು ಡಾಲರ್ ಮೇಲಾಗತ್ತೆ. ದುಡ್ಡು ನಾನು ಕೊಡ್ತೀನಿ ಭಾವ, ಗಿಫ್ಟ್ ಅಲ್ಲ

ಸೌಮ್ಯಕ್ಕ: 😳 ಆ ದುಡ್ಡಿಗೆ ನಂಗೆ ಬಟ್ಟೆ ಅಂಚು ಹೊಲಿಯೋ ಓವರ್‌ಲಾಕ್ ಮಷಿನ್ನೇ ಬರತ್ತಲ್ಲೋ

ಹರ್ಷ: ಅಕ್ಕ ಕ್ವಾಲಿಟಿ. 25 ವರ್ಷ ವಾರಂಟಿ ಕೊಡ್ತಾರೆ. ಇದರ ಕಥೆ ಕೇಳಿ ಮಾವ, ನಿಮಗೇ ಇಷ್ಟ ಆಗತ್ತೆ. ಟಿಮ್ ಲೆದರ್‌ಮನ್ ಅಂತ, 1975 ರಲ್ಲಿ ಹೆಂಡ್ತಿ ಜೊತೆ ಯೂರೋಪ್ ಸುತ್ತೋಕೆ ಹೋಗಿದ್ದ, ಹಳೇ ಫಿಯಟ್ ಕಾರು, ಅದು ದಾರೀಲಿ ಕೈ ಕೊಡ್ತಾ ಇತ್ತು, ಉಳ್ಕೊಂಡ ಹೋಟೆಲಲ್ಲೂ ನಲ್ಲಿ ಸೋರೋದು, ಜೇಬಲ್ಲಿ ಇದ್ದದ್ದು ಒಂದು ಚಾಕು. ಚಾಕು ಜೊತೆ ಇಕ್ಕಳ ಇದ್ದಿದ್ರೆ ಅಂತ ಆಗ ತಲೆಗೆ ಬಂತು, ಊರಿಗೆ ವಾಪಸ್ ಹೋಗಿ ವರ್ಷಗಟ್ಟಲೆ ಗ್ಯಾರೇಜಲ್ಲಿ ಕೂತು ಮಾಡಿ, ಮಾಡಿದ್ದನ್ನ ಯಾವ ಕಂಪನಿನೂ ತಗೊಳ್ಲಿಲ್ಲ, ಕೊನೆಗೆ 1983 ರಲ್ಲಿ ತಾನೇ ಮಾರಾಟಕ್ಕೆ ಇಳಿದ

ಶಿವಣ್ಣ ಮಾವ: ಕತೆ ಚೆನ್ನಾಗೈತೆ. ಆದ್ರೆ ಅದು ಕಾರ್ಬೊರೇಟರ್ ಕಾಲದ್ದು ಕನಪ್ಪ. ಪಾಯಿಂಟ್ ಉಜ್ಜಿ ಪ್ಲಗ್ ಒರ್ಸಿ ತಳ್ಳಿದ್ರೆ ಗಾಡಿ ಹೋಗದು. ನೀನು ತಗಂಡಿರದು ಬಿಎಸ್ 6 ಗಾಡಿ, ಎಲ್ಲಾ ಕಂಪ್ಯೂಟರು, ಅದು ನಿಂತ್ರೆ ಸ್ಕ್ಯಾನರ್ ಹಾಕಿ ನೋಡ್ಬೇಕು, ನಿನ್ 18 ಟೂಲ್ ಅದರ ಮುಂದೆ ಏನು ಮಾಡ್ತದೆ, ಸೀಟ್ ಮೇಲೆ ಮಡಗಿ ಕೈ ಮುಗೀಬೇಕು ಅಷ್ಟೆಯಾ

ಕಾವ್ಯ: 😂😂 ಮಾವ

ಹರ್ಷ: ಗಾಡಿಗೊಂದೇ ಅಲ್ಲ ಮಾವ, ದಿನಾ ಸಾವಿರ ಕೆಲಸ ಬರತ್ತೆ

ಸೌಮ್ಯಕ್ಕ: ಸಾವಿರ ಬೇಡ, ಹೋದ ತಿಂಗಳು ಯಾವ್ಯಾವಾಗ ಇದು ಬೇಕಿತ್ತು ಅಂತ ನೆನಪಿಸ್ಕೊಂಡು ಹೇಳು ನೋಡೋಣ

ಹರ್ಷ: ಪಾರ್ಸೆಲ್ ಬಾಕ್ಸ್ ಓಪನ್ ಮಾಡೋಕೆ. ಕರ್ಟನ್ ರಾಡ್ ಸ್ಕ್ರೂ ಲೂಸ್ ಆಗಿತ್ತು. ಗ್ಯಾಸ್ ಪೈಪ್ ಕ್ಲಿಪ್ಪು. ಲ್ಯಾಪ್‌ಟಾಪ್ ಕೆಳಗಿನ ಸ್ಕ್ರೂ. ನಂಬರ್ ಪ್ಲೇಟು

ಸೌಮ್ಯಕ್ಕ: ಅದ್ರಲ್ಲಿ ನಾಲ್ಕು ವಿಜಯನಗರದ ಮನೆ ಒಳಗೇ ಆಗಿದ್ದಲ್ವಾ. ಮನೇಲಿ ಟಿವಿ ಕೆಳಗಿನ ಡ್ರಾಯರಲ್ಲಿ ಸ್ಕ್ರೂಡ್ರೈವರ್ ಸೆಟ್ಟು ಬಿದ್ದಿದೆ, ನಾನೇ ಕೊಡ್ಸಿದ್ದು. ಎದ್ದು ಹತ್ತು ಹೆಜ್ಜೆ ಹೋಗೋಕೆ ಸೋಮಾರಿತನ, ಅದಕ್ಕೆ ಸೊಂಟಕ್ಕೆ ಕಟ್ಕೊಂಡು ಓಡಾಡ್ತೀನಿ ಅಂತೀಯ. ಆಫೀಸಲ್ಲಿ ಚೇರ್ ಮೇಲೆ ಕೂತಿರ್ತೀಯ, ಅಲ್ಲಿ ಏನು ಬಿಚ್ತೀಯ

ಹರ್ಷ: ನಂಬರ್ ಪ್ಲೇಟ್ ರೋಡಲ್ಲಿ ಆಗಿದ್ದು

ಸೌಮ್ಯಕ್ಕ: ಸರಿ ಒಂದು

ಶಿವಣ್ಣ ಮಾವ: ಲ್ಯಾಪ್‌ಟಾಪ್ ಸ್ಕ್ರೂಗೆ ಇದು ಬರಕ್ಕಿಲ್ಲ ಕನ್ಲಾ. ಕೆಲವ್ದರಲ್ಲಿ ಟಾರ್ಕ್ಸ್ ಅಂತ ಆರು ಮೂಲೆ ತಲೇದು ಇರ್ತದೆ, ಇನ್ನು ಕೆಲವು ಸಣ್ಣ ಸ್ಟಾರು, ಆಳವಾಗಿ ಒಳಗೆ ಕೂತಿರ್ತವೆ. ಅದಕ್ಕೆ ಉದ್ದ ಕಡ್ಡಿ ಬೇಕು. ಮೊಬೈಲ್ ಅಂಗಡಿ ಹುಡುಗ್ರು ಮಡಗಿರೋ ತೆಳ್ಳನೇದು

ಶಿವಣ್ಣ ಮಾವ: ಇನ್ನೊಂದು ಯೋಳ್ತೀನಿ ಕೇಳು, ಟೈಪ್ ಮಾಡಿ ಕೈ ನೋಯ್ತದೆ ಆದ್ರೂ ಯೋಳ್ತೀನಿ. ನನ್ ಅಂಗಡೀಗೆ ಇಂಥವು ಎಷ್ಟೋ ಬಂದವೆ, ಹುಡುಗ್ರು ತೋರ್ಸಕ್ಕೆ ತರ್ತಾರೆ. ಸ್ಕ್ರೂಡ್ರೈವರ್ ಹಿಡಿಯ ಒಂದ್ ಪಕ್ಕಕ್ಕೆ ಇರ್ತದೆ, ನಡುವೆ ಇರಕ್ಕಿಲ್ಲ. ಸ್ವಿಚ್ ಬೋರ್ಡಿನ ಮೂಲೇಲಿರೋ ಸ್ಕ್ರೂ ತಿರುಗ್ಸಕ್ಕೆ ಹೋದ್ರೆ ಇಡೀ ದಪ್ಪ ಹಿಡಿ ಗೋಡೆಗೆ ತಾಗ್ತದೆ, ಅರ್ಧ ಸುತ್ತು ತಿರುಗ್ಸು, ತೆಗಿ, ಮತ್ತೆ ಹಾಕು, ಹಿಂಗೇ. ಆಮೇಲೆ ನಟ್ಟು. ಇಕ್ಕಳದಲ್ಲಿ ನಟ್ಟು ಹಿಡಿದು ತಿರುಗ್ಸಿದ್ರೆ ಮೂಲೆ ಎಲ್ಲಾ ಸವೆದು ಗುಂಡಗಾಯ್ತದೆ, ಆಮೇಲೆ ಸರಿಯಾದ ಪಾನ ತಂದ್ರೂ ಹಿಡಿಯಕ್ಕಿಲ್ಲ. ಅಂಥ ನಟ್ಟು ಬಿಚ್ಚಕ್ಕೆ ಕೊನೆಗೆ ಉಳಿ ಸುತ್ತಿಗೆ ತಗಂಡು ನಾನೇ ಬರ್ಬೇಕು. ಎಲ್ಲಕ್ಕಿಂತ ಮುಖ್ಯ ಕರೆಂಟು. ಅದರ ಹಿಡಿ ಪೂರ್ತಿ ಸ್ಟೀಲು, ರಬ್ಬರ್ ಇಲ್ಲ ಏನೂ ಇಲ್ಲ. ಮನೇಲಿ 230 ವೋಲ್ಟು, ಪಂಪ್‌ಸೆಟ್ ತ್ರೀ ಫೇಸಲ್ಲಿ 415. ಜೇಬಲ್ಲಿ ಇಕ್ಕಳ ಐತೆ ಅಂದ್ರೆ ಮನುಷ್ಯನಿಗೆ ಧೈರ್ಯ ಬತ್ತದೆ, ಆ ಧೈರ್ಯದಲ್ಲಿ ಫ್ಯೂಸ್ ಹತ್ರ ಕೈ ಹಾಕ್ತಾನೆ. ನನ್ ಟಿವಿಎಸ್ ಎಕ್ಸೆಲ್ ಮೊಪೆಡ್ ಚೀಲದಲ್ಲಿ ಏನೈತೆ, ತಪಾರಿಯಾ ಕಂಪನಿ ಕಟಿಂಗ್ ಪ್ಲೇಯರ್ ಒಂದು, ಟೆಸ್ಟರ್ ಒಂದು, ಪಾನ ನಾಕೈದು, ಇನ್ಸುಲೇಷನ್ ಟೇಪು. ಎಲ್ಲಾ ಸೇರಿದ್ರೂ ನಿನ್ ವೇವ್ ಚರ್ಮದ ಚೀಲದ ಕಾಸಾಗಕ್ಕಿಲ್ಲ

ಸೌಮ್ಯಕ್ಕ: 👏👏👏

ಹರ್ಷ: ಮಾವ ನೀವು ಮೆಕ್ಯಾನಿಕ್, ನಿಮ್ ಜೊತೆ ಎಕ್ಸೆಲ್ ಯಾವಾಗ್ಲೂ ಇರತ್ತೆ. ಮದುವೆಗೆ ಹೋಗುವಾಗ ಪ್ಲೇಯರ್ ಚೀಲ ಹೆಗಲಿಗೆ ಹಾಕ್ಕೊಂಡು ಹೋಗ್ತೀರಾ? ನನ್ ಪಾಯಿಂಟ್ ಅದೇ. ಇದು ಒಳ್ಳೇ ಟೂಲ್‌ಬಾಕ್ಸಿಗೆ ಬದಲಿ ಅಂತ ನಾನ್ ಹೇಳ್ತಾನೇ ಇಲ್ಲ, ಟೂಲ್‌ಬಾಕ್ಸ್ ಇಲ್ದೇ ಇರೋ ಕಡೆ ಇರೋ ಟೂಲು ಅಂತ

ಸಾವಿತ್ರತ್ತೆ: ಹರ್ಷ ಹೇಳದು ನಿಜ. ಮಳವಳ್ಳಿ ಮದ್ವೇಲಿ ನನ್ ಕನ್ನಡಕದ ಕಡ್ಡಿ ಕಳಚ್ಕೊಂಡು ಸ್ಕ್ರೂ ಕೈಯಲ್ಲೇ ಬಂತಲ್ಲ, ನಿಮ್ ಮಾವ ಪಕ್ಕದಲ್ಲೇ ಕೂತಿದ್ರು, ಮಹಾ ಮೆಕ್ಯಾನಿಕ್ಕು, ಏನೂ ಮಾಡಕ್ಕಾಗ್ಲಿಲ್ಲ. ಸೇಫ್ಟಿ ಪಿನ್ ಹಾಕ್ಕೊಂಡು ಊಟ ಮಾಡ್ದೆ

ಶಿವಣ್ಣ ಮಾವ: ಆ ಸ್ಕ್ರೂ ಸಾಸಿವೆ ಗಾತ್ರ ಇತ್ತು ಮಾರಾಯ್ತಿ

ಹರ್ಷ: ವೇವಲ್ಲಿ ಕನ್ನಡಕಕ್ಕೇ ಅಂತ ಸಣ್ಣ ಬಿಟ್ ಇದೆ ಅತ್ತೆ 😎

ಮಂಜುಳಕ್ಕ: ತೂಕ ಎಷ್ಟು ಅದು

ಹರ್ಷ: 241 ಗ್ರಾಂ

ಮಂಜುಳಕ್ಕ: ಕಾಲು ಕೇಜಿ!! ನಿನ್ ಫೋನಿಗಿಂತ ಜಾಸ್ತಿ. ಪ್ಯಾಂಟ್ ಜೇಬು ಜೋತು ಬೀಳತ್ತೆ, ಎರಡ್ ವಾರ ಹಾಕ್ಕೋತೀಯ, ಮೂರನೇ ವಾರ ಫ್ರಿಜ್ ಮೇಲೆ ಇಡ್ತೀಯ, ಅಲ್ಲೇ ಇರತ್ತೆ. ಇಲ್ಲಿ ಇವರದ್ದೂ ಹಂಗೇ ಒಂದು ಇದೆ, ಗ್ಯಾರೇಜಲ್ಲಿ

ಪ್ರಕಾಶ್ ಭಾವ: ನನ್ನನ್ನ ಯಾಕೆ ಎಳೀತೀಯ

ಕಾವ್ಯ: ಹರ್ಷಣ್ಣ ಚಾಕು ಇಟ್ಕೊಂಡು ದಿನಾ ಓಡಾಡಿದ್ರೆ ಪೊಲೀಸ್ ಹಿಡಿಯಲ್ವಾ ಅಂತ ಅಪ್ಪ ಕೇಳ್ತಾ ಇದಾರೆ, ಟೈಪ್ ಮಾಡೋಕೆ ಅವರಿಗೆ ಬೇಜಾರಂತೆ. ನಾನೇ ಹೇಳ್ಬಿಡ್ತೀನಿ, ಲಾ ಓದ್ತಿರೋದು ಇದಕ್ಕಾದ್ರೂ ಉಪಯೋಗ ಆಗ್ಲಿ. 2016 ರ ಆರ್ಮ್ಸ್ ರೂಲ್ಸ್ ಪ್ರಕಾರ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರೋ ಅಲಗು ಆಯುಧದ ಲೆಕ್ಕಕ್ಕೆ ಬರತ್ತೆ, ಅದ್ರಲ್ಲೂ ಮನೆಕೆಲಸ ವ್ಯವಸಾಯ ಕೈಗಾರಿಕೆಗೆ ಅಂತ ಮಾಡಿದ್ದನ್ನ ಬಿಟ್ಟಿದಾರೆ. ಇದರ ಅಲಗು 3 ಇಂಚಿನ ಒಳಗೇ. ಆದ್ರೆ ಕಾನೂನು ಬೇರೆ, ಗೇಟಲ್ಲಿ ನಿಂತಿರೋ ಸೆಕ್ಯೂರಿಟಿ ಬೇರೆ. ಫ್ಲೈಟಲ್ಲಿ ಕೈ ಬ್ಯಾಗಲ್ಲಿ ಚಾಕು ಬಿಡಲ್ಲ, ಬೆಂಗಳೂರಿಗೆ ಬಂದು ಮೆಟ್ರೋ ಹತ್ತುವಾಗ ಬ್ಯಾಗ್ ಸ್ಕ್ಯಾನರಲ್ಲಿ ಕಂಡ್ರೆ ತೆಗೆಸ್ತಾರೆ, ದಸರಾ ಟೈಮಲ್ಲಿ ಅರಮನೆ ಹತ್ರ ಅಂತೂ ತಗೊಂಡ್ ಹೋಗ್ಲೇಬೇಡ. ಅಂದ್ರೆ ಬೆಲ್ಟಿಗೆ ಹಾಕ್ಕೊಂಡು ದಿನಾ ಓಡಾಡ್ತೀನಿ ಅನ್ನೋ ನಿನ್ ಪ್ಲಾನಲ್ಲಿ ತಿಂಗಳಿಗೆ ಒಂದೆರಡ್ ಸಲ ಅದನ್ನ ಎಲ್ಲಿಡ್ಲಿ ಅನ್ನೋ ಒದ್ದಾಟ ಗ್ಯಾರಂಟಿ

ಪ್ರಕಾಶ್ ಭಾವ: ನಾನೂ ಚೆಕ್ ಇನ್ ಬ್ಯಾಗಲ್ಲೇ ಹಾಕ್ಬೇಕು, ಜ್ಞಾಪಿಸಿದ್ದು ಒಳ್ಳೇದಾಯ್ತು ಕಾವ್ಯ

ಸೌಮ್ಯಕ್ಕ: ನಾನು ಟೂಲೇ ಬೇಡ ಅನ್ನೋ ಪಾರ್ಟಿ ಅಲ್ಲ. ನನ್ ಕೀ ಬಂಚಲ್ಲಿ ವಿಕ್ಟೋರಿನಾಕ್ಸ್ ಕ್ಲಾಸಿಕ್ ಇದೆ, ಕೆಂಪು ಬಣ್ಣದ್ದು, ಅಂಗಡಿಗೆ ಬರೋ ಒಬ್ರು ಕಸ್ಟಮರ್ ಆಂಟಿ ಸ್ವಿಟ್ಜರ್ಲೆಂಡಿಂದ ತಂದ್ಕೊಟ್ಟಿದ್ದು. 58 ಮಿಲಿಮೀಟರ್, 21 ಗ್ರಾಂ, ಕೀ ಜೊತೆ ಇದೆ ಅಂತಾನೇ ಗೊತ್ತಾಗಲ್ಲ. ಸಣ್ಣ ಚಾಕು, ಉಗುರು ಉಜ್ಜೋ ಅರ, ಅದರ ತುದಿ ಸಣ್ಣ ಸ್ಕ್ರೂಡ್ರೈವರ್, ಚಿಮಟ, ಹಲ್ಲುಕಡ್ಡಿ, ಕತ್ತರಿ. ನಿಜವಾಗಿ ದಿನಾ ಕೈಗೆ ಬರೋದು ಆ ಕತ್ತರಿನೇ. ಹಾಲಿನ ಕವರು, ಮಾತ್ರೆ ಸ್ಟ್ರಿಪ್ಪು, ಸೀರೆ ಫಾಲಿನ ದಾರ, ಮಗು ಬಟ್ಟೆ ಹಿಂದಿನ ಲೇಬಲ್ಲು. ಹೊಲಿಗೆಯವಳು ಹೇಳ್ತಿದೀನಿ ಕೇಳು, ಅದರ ಕತ್ತರಿಗೆ ಒಂದು ಸಣ್ಣ ಸ್ಪ್ರಿಂಗ್ ಪಟ್ಟಿ ಇದೆ, ಒತ್ತಿ ಬಿಟ್ರೆ ತಾನೇ ಬಾಯಿ ತೆರೆಯತ್ತೆ, ದಾರದ ಬುಡಕ್ಕೆ ಇಟ್ರೆ ಬಟ್ಟೆಗೆ ತಾಗದೆ ಕಚಕ್ ಅಂತ ಕಟ್ ಆಗತ್ತೆ. ಬಸ್ಸಲ್ಲಿ ಪಕ್ಕದೋರು ನೋಡಿದ್ರೂ ಯಾರೂ ಬೆಚ್ಚಿ ಬೀಳಲ್ಲ. ನೀನು ಬೆಲ್ಟಿಂದ ಅಷ್ಟುದ್ದ ಸ್ಟೀಲ್ ತೆಗೆದು ಒಂದೇ ಕೈಲಿ ಚಾಕು ಬಿಚ್ಚಿದ್ರೆ ಸೀಟ್ ಖಾಲಿ ಮಾಡ್ತಾರೆ

ಹರ್ಷ: ಅದ್ರಲ್ಲಿ ಇಕ್ಕಳ ಇಲ್ಲ ಅಕ್ಕ

ಸೌಮ್ಯಕ್ಕ: ನಿಂಗೆ ಇಕ್ಕಳ ಯಾಕೆ ಅದನ್ನೇ ಕೇಳ್ತಿರೋದು

ಸೌಮ್ಯಕ್ಕ: ಇನ್ನೊಂದು. ಯಾರ ಹತ್ರ ಇದೆ ಅಂತ ಗೊತ್ತಾಯ್ತೋ ಅವರು ಛತ್ರದ ಆಳು. ಹರ್ಷ ಬಾ ನೀರಿನ ಬಾಟಲ್ ಬಾಕ್ಸ್ ಕತ್ತರಿಸು, ಹರ್ಷ ಬಾ ಬಾಳೆಕಂದಿನ ಹಗ್ಗ ಕತ್ತರಿಸು. ಯಾರೋ ಸ್ವಲ್ಪ ಕೊಡಪ್ಪ ಅಂತ ಇಸ್ಕೊಂಡು ಚಾಕು ತುದೀಲಿ ಪೇಂಟ್ ಡಬ್ಬದ ಮುಚ್ಚಳ ಎತ್ತಿ ಮುರಿದು ಕೊಡ್ತಾರೆ. ಆಗ ನಿನ್ ಮುಖ ನೋಡ್ಬೇಕು

ನಾಗರಾಜ್ ಚಿಕ್ಕಪ್ಪ: 🎤 ವಾಯ್ಸ್ ಮೆಸೇಜ್

ಸೌಮ್ಯಕ್ಕ: ಚಿಕ್ಕಪ್ಪ ಅಂಗಡೀಲಿ ಕಸ್ಟಮರ್ ಇದಾರೆ ಕೇಳೋಕಾಗಲ್ಲ, ಕಾವ್ಯ ಬರ್ದು ಹಾಕೇ

ಕಾವ್ಯ: ಇರಿ. ಅಪ್ಪ ಹೇಳಿದ್ದು ಹಂಗಂಗೇ ಹಾಕ್ತೀನಿ:

"ಏ ಹರ್ಷ, ನಿಂಗೆ ಬ್ಯಾಡ ಕನ್ಲಾ ಅದು, ನಂಗೆ ಬೇಕು. ನಾಲೆ ನೀರು ಕಟ್ಟು ಮೇಲೆ ಬತ್ತದೆ, ಕೆಲವು ದಿನ ಬುಟ್ಟು ಕೆಲವು ದಿನ ನಿಲ್ಲಿಸ್ತಾರೆ, ನಡುವೆ ಬೋರಿಂದ ಡ್ರಿಪ್ ಬುಡ್ತೀನಿ ಕಬ್ಬಿಗೆ. ತ್ರೀ ಫೇಸ್ ಕೊಟ್ಟಾಗ ಓಡ್ಬೇಕು, ರಾತ್ರಿಯಾದ್ರೂ ಸೈ ಬೆಳಗಿನ ಜಾವ ಆದ್ರೂ ಸೈ. ಹೋಗಿ ನೋಡಿದ್ರೆ ಇಲಿ ಪೈಪ್ ಕಡ್ದಿರ್ತವೆ. 16 ಎಂಎಂ ಲ್ಯಾಟ್ರಲ್ಲು, ಆ ಜಾಗ ಕುಯ್ದು ಜಾಯ್ನರ್ ಹಾಕ್ಬೇಕು. ಕುಡ್ಲಲ್ಲಿ ಕುಯ್ದ್ರೆ ಓರೆ ಆಯ್ತದೆ, ಓರೆ ಆದ್ರೆ ಜಾಯ್ನರ್ ಹತ್ರ ನೀರು ಚಿಮ್ತದೆ, ನೇರ ಕುಯ್ಯಕ್ಕೆ ಸಣ್ಣ ಅಲಗು ಬೇಕು. ಹಳೇ ಜಾಯ್ನರ್ ಕೀಳಕ್ಕೆ ಬೆರಳಲ್ಲಿ ಆಗಕ್ಕಿಲ್ಲ, ಇಕ್ಕಳ ಬೇಕು. ಫಿಲ್ಟರ್ ಕ್ಲಾಂಪ್ ಸ್ಕ್ರೂ ಲೂಸ್ ಆಗಿರ್ತದೆ. ಬೇಲಿ ತಂತಿ ಕಿತ್ತೋಗಿರ್ತದೆ. ಮೂರೂ ಸಾಮಾನು ಮನೇಲಿ ಐತೆ, ಗದ್ದೆಯಿಂದ ಮನೆಗೆ ಹೋಗಿ ಬರೋದ್ರಲ್ಲಿ ಕರೆಂಟು ಹೋಯ್ತದೆ. ಚೀಲ ತಗಂಡು ಹೋಗು ಅಂತೀರಾ, ಕೆಸರಲ್ಲಿ ಚೀಲ ಎಲ್ಲಿ ಮಡಗ್ಲಿ, ಬದುವಿನ ಮೇಲೆ ಮಡಗಿ ಮರ್ತು ಬಂದಿರೋ ಪಾನ ಎಷ್ಟೋ ಲೆಕ್ಕ ಇಲ್ಲ. ಮೈಮೇಲೇ ಇರ್ಬೇಕು."

ಹರ್ಷ: 😮

ಮಂಜುಳಕ್ಕ: ಚಿಕ್ಕಪ್ಪನಿಗೆ ಪಂಚೆ, ಬೆಲ್ಟ್ ಎಲ್ಲಿ

ಕಾವ್ಯ: ಪಟ್ಟಾಪಟ್ಟಿ ಚಡ್ಡಿ ಜೇಬಲ್ಲಿ ಹಾಕ್ಕೋತೀನಿ, ಒಂದು ಕೇಜಿ ಅಡಿಕೆ ಎಲೆ ಹೊರೋ ಜೇಬು ಅದು, ಕಾಲು ಕೇಜಿ ಹೊರಲ್ವಾ ಅಂತಿದಾರೆ 😂

ಶಿವಣ್ಣ ಮಾವ: ನಾಗರಾಜು ಹೇಳದ್ರಲ್ಲಿ ನ್ಯಾಯ ಐತೆ. ಅವನ ಕೆಲ್ಸ ಅಂಗಡಿ ಒಳಗಲ್ಲ ಮನೆ ಒಳಗಲ್ಲ, ಎರಡ್ ಕೈ ಅಷ್ಟೇ ಜೊತೇಲಿರದು. ಪ್ಲಾಸ್ಟಿಕ್ ಪೈಪು ತಂತಿ ಕ್ಲಾಂಪು, ಇದಕ್ಕೆಲ್ಲ ಅದು ಸಾಕು, ಪಾನದ ಕೆಲ್ಸ ಅಲ್ಲ. ವೈರ್ ಕಟರ್ ಬಾಯಿ ಸವೆದ್ರೆ ಬೇರೆ ಹಾಕ್ಬೋದು ಅಂತಲೂ ಕೇಳಿವ್ನಿ

ಹರ್ಷ: ಹೌದು ಮಾವ ಪ್ಲಸ್ ಮಾಡೆಲಲ್ಲಿ ಬದಲಾಯಿಸ್ಬೋದು. ಚಾಕು ಲಾಕೂ ಆಗತ್ತೆ, ಒತ್ತಿದ್ರೆ ಬೆರಳ ಮೇಲೆ ಮಡಚ್ಕೊಳಲ್ಲ. ಅಕ್ಕನ ಕ್ಲಾಸಿಕಲ್ಲಿ ಲಾಕ್ ಇಲ್ಲ

ಶಿವಣ್ಣ ಮಾವ: ಆದ್ರೆ ನಾಗರಾಜು, ಅದನ್ನ ತಗಂಡು ಸ್ಟಾರ್ಟರ್ ಬಾಕ್ಸ್ ಬಾಗ್ಲು ತೆಗ್ದೆ ಅಂತ ಗೊತ್ತಾದ್ರೆ ನಾನೇ ಬಂದು ಕಿತ್ಕತೀನಿ. ಅದಕ್ಕೆ ಫೋನ್ ಮಾಡು, ಎಷ್ಟೊತ್ತಾದ್ರೂ ಬತ್ತೀನಿ

ಸೌಮ್ಯಕ್ಕ: ಚಿಕ್ಕಪ್ಪ ಸ್ಟೇನ್‌ಲೆಸ್ ಅಂತ ನಂಬಿ ಕೆಸರಲ್ಲೇ ಬಿಡ್ಬೇಡಿ, ಕೀಲಿನ ಒಳಗೆ ತುಕ್ಕು ಬರತ್ತೆ. ತೊಳ್ದು ಒಣಗ್ಸಿ ಹೊಲಿಗೆ ಮಷಿನ್ ಎಣ್ಣೆ ಒಂದ್ ತೊಟ್ಟು. ಕೊಬ್ರಿ ಎಣ್ಣೆ ಹಾಕಿದ್ರೆ ಜಿಡ್ಡುಗಟ್ಟಿ ಬಿಚ್ಚೋಕೇ ಬರಲ್ಲ. ಎಣ್ಣೆ ಬಾಟ್ಲಿ ನಾನ್ ಕೊಡ್ತೀನಿ

ಹರ್ಷ: ಒಂದ್ ನಿಮಿಷ. ಕೇಳಿದ್ದು ನಾನು. ಸಿಗ್ತಾ ಇರೋದು ಚಿಕ್ಕಪ್ಪನಿಗೆ. ನಂಗೆ?

ಸೌಮ್ಯಕ್ಕ: ನಿಂಗೆ ಕ್ಲಾಸಿಕ್. ಆರು ತಿಂಗಳು ಕೀ ಜೊತೆ ಇಟ್ಕೋ. ಅದ್ರಲ್ಲಿ ಆಗ್ದೇ ಇರೋ ಕೆಲಸ ಹೊರಗಡೆ ಪದೇ ಪದೇ ಬಂದ್ರೆ ಆಗ ದೊಡ್ಡದು ತಗೋ, ನಾನು ಬಾಯ್ಬಿಡಲ್ಲ

ಹರ್ಷ: ಅಕ್ಕ ನೀನು ಬಾಯ್ಬಿಡಲ್ಲ ಅನ್ನೋದನ್ನ ಸ್ಕ್ರೀನ್‌ಶಾಟ್ ತೆಗ್ದಿಟ್ಕೋತೀನಿ. ಆದ್ರೂ ನಾನ್ ಒಪ್ಪಲ್ಲ, ಮುಂದಿನ ವರ್ಷ ನನ್ ದುಡ್ಡಲ್ಲೇ ವೇವ್ ತಗೊಂಡೇ ತಗೋತೀನಿ

ಸಾವಿತ್ರತ್ತೆ: ನನ್ ಕನ್ನಡಕಕ್ಕೆ ಯಾರು

ಸೌಮ್ಯಕ್ಕ: ಅತ್ತೆ ನಿಮ್ ಕನ್ನಡಕ ಅಂಗಡಿಗೆ ತನ್ನಿ, ಸ್ಕ್ರೂ ಬಿಗಿ ಮಾಡಿ ಮೇಲೆ ಒಂದ್ ಹನಿ ನೇಲ್‌ಪಾಲಿಶ್ ಹಾಕ್ತೀನಿ, ಕಳಚಲ್ಲ

ಪ್ರಕಾಶ್ ಭಾವ: ಸರಿ ಹಂಗಾದ್ರೆ ವೇವ್ ಒಂದು, ಕ್ಲಾಸಿಕ್ ಒಂದು. ವಾರಂಟಿ ರಿಪೇರಿ ಬಂದ್ರೆ ನನ್ ಕೈಗೇ ವಾಪಸ್ ಕಳಿಸ್ಬೇಕು, ಗೊತ್ತಿರ್ಲಿ. ವೇವಲ್ಲಿ ಸ್ಟೀಲ್ ಬಣ್ಣ ಇದೆ, ಕಪ್ಪೂ ಇದೆ, ಕಪ್ಪು ನೋಡೋಕೆ ಚೆನ್ನಾಗಿದೆ, ಚಿಕ್ಕಪ್ಪ ಯಾವುದು ಆರ್ಡರ್ ಮಾಡ್ಲಿ

ನಾಗರಾಜ್ ಚಿಕ್ಕಪ್ಪ: ಕಪ್ಪು ಬ್ಯಾಡ ಗದ್ದೇಲಿ ಬಿದ್ರೆ ಕಾಣಕ್ಕಿಲ್ಲ