ಹದಿನಾರು ತುಂಬದ ಮಕ್ಕಳು, ಯೂಟ್ಯೂಬ್ ಕನ್ನಡ, ಅಜ್ಜಿಯ ವಾಟ್ಸ್ಆ್ಯಪ್ ಗ್ರೂಪ್

ಆಸ್ಟ್ರೇಲಿಯಾದಲ್ಲಿರುವ ಅಪ್ಪ ಅಮ್ಮಂದಿರ ಗಮನಕ್ಕೆ. 2025ರ ಡಿಸೆಂಬರ್ 10ರಿಂದ ಜಾರಿಯಾದ ಇಲ್ಲಿನ ಕಾನೂನಿನ ಪ್ರಕಾರ 16 ತುಂಬದ ಮಕ್ಕಳು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಟಿಕ್‌ಟಾಕ್, ಸ್ನ್ಯಾಪ್‌ಚಾಟ್, ಯೂಟ್ಯೂಬ್‌ಗಳಲ್ಲಿ ಖಾತೆ ಇಟ್ಟುಕೊಳ್ಳುವ ಹಾಗಿಲ್ಲ. ನಾವು ಒಪ್ಪಿಗೆ ಕೊಟ್ಟರೂ ನಡೆಯಲ್ಲ. ದಂಡ ಬೀಳೋದು ಮಾತ್ರ ಕಂಪನಿಗೆ, 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ. ಮಗುವಿಗೂ ಇಲ್ಲ, ನಮಗೂ ಇಲ್ಲ. ಹೆದರಿ ಮನೆಯಲ್ಲಿ ಕನ್ನಡ ವಿಡಿಯೋನೇ ನಿಲ್ಲಿಸಿಬಿಡಬೇಡಿ.

ನಮಗೆ ತಟ್ಟೋದು ಯೂಟ್ಯೂಬೇ. ಇಲ್ಲಿ ಬೆಳೆಯೋ ಮಕ್ಕಳ ಕಿವಿಗೆ ಮನೆಯವರದ್ದಲ್ಲದ ಕನ್ನಡ ಬೀಳೋದು ಹೆಚ್ಚಾಗಿ ಅಲ್ಲಿಂದ. ಲಾಗಿನ್ ಇಲ್ಲದೆ ನೋಡೋಕೆ ಅಡ್ಡಿಯಿಲ್ಲ. ಆದರೆ ನಾವು ಹಾಕಿಟ್ಟಿದ್ದ ಪೇರೆಂಟಲ್ ಕಂಟ್ರೋಲ್ ಇದ್ದಿದ್ದು ಮಗುವಿನ ಖಾತೆಯ ಮೇಲೆ. ಖಾತೆ ಹೋದಾಗ ಅದೂ ಹೋಯಿತು. ಈ ಕಾನೂನಿನ ದೊಡ್ಡ ತೂತು ಇದೇ ಅಂತ ನನ್ನ ಅಭಿಪ್ರಾಯ. ಅದಕ್ಕೆ ನಿಮ್ಮ ಲಾಗಿನ್ ಇರೋ ಫೋನನ್ನೇ ಕೈಗೆ ಕೊಡಬೇಡಿ. ದೊಡ್ಡವರಿಗೆ ಅಂತ ಬರೋ ವಿಡಿಯೋ, ಕಾಮೆಂಟು ಎಲ್ಲಾ ಮಗುವಿನ ಮುಂದೆ ಬಂದು ಕೂರುತ್ತೆ.

ಚಿಕ್ಕವರಿಗೆ ಯೂಟ್ಯೂಬ್ ಕಿಡ್ಸ್ ಇದೆ, ಅದು ನಿಷೇಧದ ಹೊರಗೆ. ಪ್ರೊಫೈಲ್ ಮಾಡುವಾಗ ವಯಸ್ಸಿನ ಗುಂಪು ಆರಿಸದೆ, ವಿಡಿಯೋಗಳನ್ನು ನೀವೇ ಒಪ್ಪಿ ಸೇರಿಸುವ ಆಯ್ಕೆ ಒತ್ತಿ. ಆಗ ಹುಡುಕಾಟ ಬಂದ್, ನೀವು ಆರಿಸಿದ ಕನ್ನಡ ಚಾನೆಲ್ ಮಾತ್ರ ಕಾಣುತ್ತೆ. ಇಲ್ಲದಿದ್ದರೆ ಇಂಗ್ಲಿಷ್ ಕಾರ್ಟೂನು ಬಹಳ ಬೇಗ ಕನ್ನಡವನ್ನು ಪಕ್ಕಕ್ಕೆ ತಳ್ಳುತ್ತೆ.

ಹನ್ನೆರಡು ದಾಟಿದವರಿಗೆ ಅದು ಮಕ್ಕಳಾಟ ಅನ್ನಿಸುತ್ತೆ. ಅವರಿಗೆ ನಿಮ್ಮ ಖಾತೆಯಲ್ಲಿ ಪ್ಲೇಲಿಸ್ಟ್ ಮಾಡಿ ‘ಅನ್‌ಲಿಸ್ಟೆಡ್’ (ಲಿಂಕ್ ಇದ್ದವರು ಮಾತ್ರ ನೋಡೋ ಹಾಗೆ) ಇಡಿ. ‘ಪ್ರೈವೇಟ್’ ಇಟ್ಟರೆ ಲಾಗಿನ್ ಇಲ್ಲದೆ ತೆರೆಯಲ್ಲ, ಹೆಚ್ಚಿನವರು ಎಡವೋದು ಇಲ್ಲೇ. ಲಿಂಕನ್ನು ಅವರ ಟ್ಯಾಬಿನ ಬ್ರೌಸರಿನಲ್ಲಿ ಬುಕ್‌ಮಾರ್ಕ್ ಮಾಡಿ, ಆಟೋಪ್ಲೇ (ಮುಂದಿನ ವಿಡಿಯೋ ತಾನಾಗೇ ಶುರುವಾಗೋದು) ಆಫ್ ಮಾಡಿ. ಕುಕೀಸ್ ಅಳಿಸಿದರೆ ಆಟೋಪ್ಲೇ ಮತ್ತೆ ಆನ್ ಆಗಬಹುದು, ಆಗಾಗ ನೋಡ್ತಿರಿ.

ಕನ್ನಡ ಕಲಿ ತರಗತಿಯ ಹೋಂವರ್ಕ್ ಫೇಸ್‌ಬುಕ್ ಗ್ರೂಪಿನಲ್ಲಿ ಹಾಕುತ್ತಿದ್ದರೆ ಗೂಗಲ್ ಕ್ಲಾಸ್‌ರೂಮಿಗೆ ಬದಲಾಯಿಸಿ. ಅದಕ್ಕೆ ನಿಷೇಧವಿಲ್ಲ.

ವಾಟ್ಸ್ಆ್ಯಪ್‌ಗೂ ಇಲ್ಲ, ಆದರೆ ಅದರದೇ ನಿಯಮದಂತೆ ಸ್ವಂತವಾಗಿ ಖಾತೆ ತೆರೆಯೋಕೆ 13 ತುಂಬಿರಬೇಕು. ಅಜ್ಜಿ ತಾತ ಇರೋ ಗ್ರೂಪಿನಿಂದ ಮಕ್ಕಳನ್ನು ತೆಗೆಯಬೇಡಿ, ಊರಿನ ಮಾತು ಉಳಿಯೋದೇ ಅಲ್ಲಿ. ಸೆಟ್ಟಿಂಗ್ಸ್, ಪ್ರೈವಸಿ, ಗ್ರೂಪ್ಸ್‌ಗೆ ಹೋಗಿ ‘ಮೈ ಕಾಂಟ್ಯಾಕ್ಟ್ಸ್’ ಇಟ್ಟರೆ ಅಪರಿಚಿತರು ಎಲ್ಲೆಲ್ಲಿಗೋ ಸೇರಿಸೋಕೆ ಆಗಲ್ಲ. ಎಲೆಕ್ಷನ್ ಹತ್ತಿರ ಬಂದಾಗ ಜಾತಿ, ಧರ್ಮ, ಪಕ್ಷದ ಫಾರ್ವರ್ಡುಗಳು ಇದೇ ಗ್ರೂಪಿಗೆ ಸುರಿಯುತ್ತವೆ. ಆಗ ಮೆಸೇಜಿನ ತಲೆಯ ಮೇಲಿನ ಜೋಡಿ ಬಾಣ ತೋರಿಸಿ: ಐದು ಕೈಯಾದರೂ ದಾಟಿ ಬಂದಿದೆ ಅಂತ ಅರ್ಥ, ಅದನ್ನು ಸಲಕ್ಕೆ ಒಂದೇ ಚಾಟಿಗೆ ಕಳಿಸೋಕಾಗೋದು. ಕಳಿಸಿದ ಚಿಕ್ಕಪ್ಪ ಬೇರೆ, ಬರೆದವರು ಬೇರೆ ಅನ್ನೋದು ಮಕ್ಕಳಿಗೆ ಆಗ ತಿಳಿಯುತ್ತೆ. ಚಿಕ್ಕಪ್ಪನ ಮೇಲಿನ ಗೌರವವೂ ಉಳಿಯುತ್ತೆ.

ರಜೆಗೆ ಬೆಂಗಳೂರಿಗೆ ಹೋದಾಗ ಅಲ್ಲೇ ಖಾತೆ ತೆರೆದರೆ ಹೇಗೆ ಅಂತ ಒಬ್ಬರು ಕೇಳಿದ್ದಾರೆ. ಕಾನೂನು ನೋಡೋದು ಮಗು ಸಾಮಾನ್ಯವಾಗಿ ವಾಸ ಇರೋದು ಎಲ್ಲಿ ಅಂತ. ಅಲ್ಲಿ ತೆರೆದದ್ದೂ ವಾಪಸ್ ಬಂದ ಮೇಲೆ ಮುಚ್ಚಿಹೋಗಬಹುದು. ಅದರಲ್ಲಿ ಇಟ್ಟ ಫೋಟೋ ಬೇರೆ ಕಡೆ ಉಳಿಸಿಕೊಂಡಿರಿ.